ಅವರ ಕಂಬ, ನಮ್ಮ ಕಲ್ಲು

ಪೋರ್ಚುಗಲ್‌ನ ಹಳೆ ಊರುಗಳಿಗೆ ಹೋದರೆ ಚೌಕದಲ್ಲಿ ಒಂದು ಕಲ್ಲಿನ ಕಂಬ ಕಾಣುತ್ತದೆ. ಲಿಸ್ಬನ್‌ಗೆ ಬಂದ ಹೊಸತರಲ್ಲಿ ನಾನು ಅದನ್ನು ನಮ್ಮ ಗರುಡಗಂಬದ ಥರ ಏನೋ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಅದು ಪೆಲೊರಿನ್ಯು. ಕದ್ದವರನ್ನು, ತೂಕದಲ್ಲಿ ಮೋಸ ಮಾಡಿದವರನ್ನು ಕಟ್ಟಿ, ಊರೆಲ್ಲ ನೋಡಲಿ ಅಂತ ನಿಲ್ಲಿಸುತ್ತಿದ್ದ ಕಂಬ.

ಮೊನ್ನೆ ಸೊರ್ತೆಲ್ಯಾಗೆ ಹೋಗಿದ್ದೆ. ಸ್ಪೇನ್ ಗಡಿ ಕಡೆಯ ಹಳ್ಳಿ. ಬಂಡೆ ಮೇಲೆ ಕೋಟೆ, ನೋಡಿದ ಕಡೆಯೆಲ್ಲ ಗ್ರಾನೈಟ್, ಚಿತ್ರದುರ್ಗ ನೆನಪಾಯ್ತು. ಕೋಟೆಯ ಮುಂದೆ ಮೆಟ್ಟಿಲುಕಟ್ಟೆ, ಅದರ ಮೇಲೆ ಕಂಬ, ತುದಿಯಲ್ಲಿ ಬಳೆಗಳನ್ನು ಒಂದರೊಳಗೊಂದು ಕೂರಿಸಿದಂಥ ಗೋಳ. ಆ ಗೋಳ ದೊರೆ ಮನುಯೆಲ್‌ನ ಗುರುತು, ವಾಸ್ಕೋ ಡ ಗಾಮನನ್ನು ನಮ್ಮ ಕಡೆ ಕಳಿಸಿದವನು ಇವನೇ. 1510ರಲ್ಲಿ ಈ ಊರಿಗೆ ಹೊಸ ಸನ್ನದು ಕೊಟ್ಟ, ಅದೇ ವರ್ಷ ಅವನ ದಂಡು ಬಿಜಾಪುರದ ಆದಿಲಶಾಹಿಗಳಿಂದ ಗೋವಾ ಕಿತ್ತುಕೊಂಡಿತು. ಹಳೆ ಗೋವಾದಲ್ಲೂ ಒಂದು ಕಪ್ಪು ಕಂಬ ಉಳಿದಿದೆ. ಅಲ್ಲಿನ ಜನ ಅದಕ್ಕೆ ಕೊಂಕಣಿಯಲ್ಲಿ ಇಟ್ಟ ಹೆಸರಿನ ಅರ್ಥ, ಕೈ ಕತ್ತರಿಸುವ ಕಂಬ.

ಸೊರ್ತೆಲ್ಯಾದವರಿಗೆ ಮಾತ್ರ ಇದು ಹೆಮ್ಮೆಯ ಕಂಬ. ಸನ್ನದು ಇದ್ದ ಊರು ತನ್ನ ನ್ಯಾಯ ತಾನೇ ಮಾಡಬಹುದಿತ್ತು, ಅದಕ್ಕೆ ಈ ಕಂಬವೇ ಸಾಕ್ಷಿ. 1855ರಲ್ಲಿ ಪುರಸಭೆ ಹೋಯ್ತು, ಕಂಬ ಉಳಿಯಿತು. ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದ ಅಜ್ಜನಿಗೆ ನಾನು 'ಹಳ್ಳಿ ಚೆನ್ನಾಗಿದೆ' ಅಂದೆ. 'ಹಳ್ಳಿಯಲ್ಲ, ವಿಲಾ' ಅಂತ ಕೋಲಿನಿಂದ ಕಂಬ ತೋರಿಸಿದ. ವಿಲಾ ಅಂದ್ರೆ ಪಟ್ಟಣ. 19ನೇ ಶತಮಾನದಲ್ಲಿ ದಬ್ಬಾಳಿಕೆಯ ಗುರುತು ಅಂತ ಎಷ್ಟೋ ಕಂಬಗಳನ್ನು ಪೋರ್ಚುಗೀಸರೇ ಕೆಡವಿದ್ದರು. ಉಳಿದವಕ್ಕೆ 1933ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. (ಇಲ್ಲಿನ ಬ್ರಗಾನ್ಸಾ ಅನ್ನೋ ಊರಿನ ಕಂಬವಂತೂ ರೋಮನ್ನರಿಗಿಂತ ಹಳೆಯ ಕಲ್ಲುಹಂದಿಯ ಬೆನ್ನಿನ ಮೇಲೆ ನಿಂತಿದೆ!)

ಬೈಸಿಕೊಂಡವರ, ಹೊಡೆಸಿಕೊಂಡವರ ಕಂಬಕ್ಕೆ ಇಷ್ಟು ಮರ್ಯಾದೆ ಯಾಕೆ ಅಂತ ಮೊದಲು ಸಿಟ್ಟೇ ಬಂತು. ನಮ್ಮಲ್ಲಿ ಊರ ಮುಂದೆ ಕಲ್ಲು ನೆಟ್ಟಿದ್ದು ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವನಿಗೆ, ವೀರಗಲ್ಲು. ನಮ್ಮದೇ ಮೇಲು ಅಲ್ವಾ ಅಂತ ಸ್ವಲ್ಪ ಹೊತ್ತು ಬೀಗಿದೆ. ಆಮೇಲೆ ನೆನಪಾಯ್ತು, ನಮ್ಮೂರ ವೀರಗಲ್ಲು ಕೆರೆ ಏರಿ ಪಕ್ಕ ಮಕಾಡೆ ಬಿದ್ದಿದೆ, ಅದರ ಬೆನ್ನ ಮೇಲೆ ಬಟ್ಟೆ ಒಗೆಯುತ್ತಾರೆ. ಇನ್ನು 'ಕಂಬಕ್ಕೆ ಕಟ್ಟಿ ಥಳಿತ' ಅನ್ನೋ ಸುದ್ದಿ? ಅದು ಈಗಲೂ ಬರುತ್ತಲೇ ಇದೆ. ಅದಕ್ಕೆ ಸನ್ನದೂ ಬೇಡ, ಕೆತ್ತನೆಯೂ ಬೇಡ, ಕರೆಂಟ್ ಕಂಬ ಸಾಕು, ಸುತ್ತ ನಿಂತವರ ಕೈಯಲ್ಲಿ ಮೊಬೈಲ್ ಬೇರೆ. ಇಲ್ಲಿಯವರ ಕಂಬದ ಕೆಲಸ ಎಂದೋ ಮುಗಿದಿದೆ, ಪ್ರವಾಸಿಗರು ಸುಮ್ನೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ರಾತ್ರಿ ತಮ್ಮನಿಗೆ ಫೋನ್ ಮಾಡಿ, ಆ ವೀರಗಲ್ಲನ್ನು ಎತ್ತಿ ನಿಲ್ಲಿಸೋಣ, ಖರ್ಚು ನಂದು ಅಂದೆ.

'ಸರಿ ಅಣ್ಣ, ಮೊದಲು ಒಗೆಯೋಕೆ ಬೇರೆ ಕಲ್ಲು ಹಾಕಿಸು. ಇಲ್ಲ ಅಂದ್ರೆ ಹೆಂಗಸರು ನನ್ನ ಬಿಡಲ್ಲ' ಅಂದ.