ಚೋಮನಿಗೆ ಯಾವ ಬಣ್ಣ ಇಷ್ಟ?

ಈಗಷ್ಟೇ ಮನೆಗೆ ಬಂದದ್ದು, ಕಾಲು ಸಹ ತೊಳ್ದಿಲ್ಲ. ಮಂಡೆ ಬಿಸಿ ಉಂಟು, ಇಳಿಸ್ಲಿಕ್ಕೆ ಬೇರೆ ಜಾಗ ಇಲ್ಲ, ಹಾಗಾಗಿ ಇಲ್ಲಿ.

ಇವತ್ತು ಮಂಗಳೂರಲ್ಲಿ ಒಂದು ಕಾದಂಬರಿ ಕಮ್ಮಟ. (ನನ್ನ ಕಾದಂಬರಿ ಎಷ್ಟನೇ ಪುಟದಲ್ಲಿ ಕೂತಿದೆ ಅಂತ ನಿಮಗೆಲ್ಲ ಗೊತ್ತುಂಟು, ಪುನಃ ಕೇಳ್ಬೇಡಿ.) ದೀಪ, ಸ್ವಾಗತ, ಗೋಳಿಬಜೆ ಎಲ್ಲ ಆದ್ಮೇಲೆ ಸಂಪನ್ಮೂಲ ವ್ಯಕ್ತಿಗಳು ಒಬ್ಬೊಬ್ಬರಿಗೆ ಒಂದೊಂದು ಝೆರಾಕ್ಸ್ ಹಾಳೆ ಹಂಚಿದ್ರು. ಪಾತ್ರದ ಬಯೋಡೇಟಾ ಅಂತೆ. 40 ಪ್ರಶ್ನೆ. ಎತ್ತರ ಎಷ್ಟು, ರಾಶಿ ಯಾವುದು, ಮೆಚ್ಚಿನ ಬಣ್ಣ ಯಾವುದು, ಬಾಲ್ಯದಲ್ಲಿ ಆದ ಆಘಾತ ಎಂತದು, ಅದನ್ನೂ ಒಂದೇ ಗೆರೆಯಲ್ಲಿ ಮುಗಿಸ್ಬೇಕು, ಯಾಕಂದ್ರೆ ಜಾಗ ಬಿಟ್ಟದ್ದೇ ಅಷ್ಟು. ಇದನ್ನು ತುಂಬಿದ್ರೆ ಪಾತ್ರ ರೆಡಿ, ಆಮೇಲೆ ಘಟನೆ ಪೋಣಿಸ್ತಾ ಹೋದ್ರೆ ಕಥೆ ರೆಡಿ. ಪಾಸ್‌ಪೋರ್ಟಿಗೆ ಸಹ ಇಷ್ಟು ಕೇಳುದಿಲ್ಲ ಮಾರಾಯ್ರೇ!

ಕೋಟದ ಕಾರಂತರ ಊರ ಕಡೆಯವರಲ್ವಾ ನಾವು. ಅವರ ಚೋಮನ ದುಡಿ ಕಾದಂಬರಿ ಬಂದದ್ದು 1933ರಲ್ಲಿ. ಚೋಮನಿಗೆ ಯಾವ ಬಣ್ಣ ಇಷ್ಟ ಇತ್ತು, ಯಾರಿಗಾದ್ರೂ ಗೊತ್ತುಂಟಾ? ಅವನಿಗೆ ಎಂತ ಬೇಕಿತ್ತು ಅಂತ ಕೇಳಿ, ಓದಿದವರೆಲ್ಲ ಹೇಳ್ತಾರೆ. ತನ್ನದೇ ಅಂತ ಒಂದು ತುಂಡು ಗದ್ದೆ, ತನ್ನದೇ ಬೇಸಾಯ. ಅವನ ಜಾತಿಯವನಿಗೆ ಗದ್ದೆ ಕೊಡುವ ಪದ್ಧತಿಯೇ ಇಲ್ಲದ ಕಾಲ. ಎತ್ತು ಉಂಟು, ಹೂಡ್ಲಿಕ್ಕೆ ನೆಲ ಇಲ್ಲ. ಅಷ್ಟು ಹೊತ್ತಿಗೆ ನಮ್ಮ ಎದೆ ಬಡ್ಕೊಳ್ಳಿಕ್ಕೆ ಶುರುವಾಗಿರ್ತದೆ, ರಾಶಿ ನಕ್ಷತ್ರ ಯಾರಿಗೆ ಬೇಕು.

ತಾಳಮದ್ದಳೆ (ವೇಷ ಇಲ್ಲದೆ, ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದ ಊರಿಗೆ ಬಂದು ಇದನ್ನು ಹಾಳೆಯಲ್ಲಿ ಕಲಿಸುದಾ? ವಾಲಿವಧೆ ಪ್ರಸಂಗವೇ ನೋಡಿ. ಭಾಗವತರು ಹಾಡುವ ಪದ ಅದೇ, ಮರದ ಮರೆಯಿಂದ ಬರುವ ಬಾಣ ಅದೇ, ಬರ್ದಿಟ್ಟ ಮಾತು ಒಂದೂ ಇಲ್ಲ. ಒಬ್ಬರ ವಾಲಿ ಬಿದ್ದಲ್ಲಿಂದಲೇ ರಾಮನ ಧರ್ಮದ ಬುಡ ಅಲ್ಲಾಡಿಸ್ತಾನೆ, ಇನ್ನೊಬ್ಬರ ವಾಲಿಗೆ ರಾಮನ ಕೈಯಲ್ಲಿ ಸತ್ತೆನಲ್ಲ ಅಂತ ಒಳಗೊಳಗೇ ಸಮಾಧಾನ. ಎದುರು ಕೂತ ರಾಮ ಎಂತ ಉತ್ತರ ಕೊಟ್ಟ, ಎಲ್ಲಿ ತಡವರಿಸಿದ ಅಂತ ನೋಡ್ಕೊಂಡು ವಾಲಿ ಬೆಳೀತಾನೆ. ತಾಳಮದ್ದಳೆಯ ದೊಡ್ಡ ಮಾತುಗಾರರಾಗಿದ್ರು ಶೇಣಿ ಗೋಪಾಲಕೃಷ್ಣ ಭಟ್ಟರು; ಶೇಣಿಯವರ ವಾಲಿ ಅಂತ ಇವತ್ತಿಗೂ ಜನ ಹೇಳುದು, ಪ್ರಸಂಗ ಬರೆದವರ ವಾಲಿ ಅಂತ ಹೇಳಿದ್ದು ನಾನು ಕೇಳ್ಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹುಡುಗಿ ಮೆಲ್ಲ ಹೇಳಿದ್ಲು, "ಸರ್, ನಮ್ಮಂಥ ಹೊಸಬರಿಗೆ ಹಿಡ್ಕೊಳ್ಳಿಕ್ಕೆ ಎಂತಾದ್ರೂ ಬೇಕಲ್ವಾ?" ಬೇಕು, ಇಲ್ಲ ಅಂದವರ್ಯಾರು. ನಾವು ಈಜು ಕಲಿತದ್ದೂ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಕೊಂಡೇ. ಆದ್ರೆ ಕೆರೆಗೆ ಇಳಿದಿದ್ವು. ಇವ್ರು ಕಾಯಿ ಕಟ್ಟಿ ಅಂಗಳದಲ್ಲಿ ನಿಲ್ಲಿಸ್ತಿದ್ದಾರೆ.

ವಾಪಸ್ ಬರುವಾಗ ಉಡುಪಿ ಬಸ್ಸಲ್ಲಿ ನನ್ನ ಪಕ್ಕ ಸುಮಾರು ಅರವತ್ತರ ಒಬ್ರು ಕೂತ್ರು. ಮಡಿಲಲ್ಲಿ ಹೊಸ ಫ್ಯಾನಿನ ಬಾಕ್ಸು, ಎರಡೂ ಕೈಯಲ್ಲಿ ಗಟ್ಟಿ ಹಿಡ್ಕೊಂಡದ್ದು, ಮಗು ಹಿಡ್ಕೊಂಡ ಹಾಗೆ. ಟಿಕೆಟ್ ತೆಗೊಂಡದ್ದು ಉಡುಪಿಗೆ, ನಾನೇ ಕೇಳಿದ್ದೇನೆ. ಮೂಲ್ಕಿ ದಾಟಿ ಶಾಂಭವಿ ಸಂಕದ ಮೇಲೆ ಹೋಗುವಾಗ ಫೋನ್ ಬಂತು. "ಯಾನ್ ನನಲಾ ಕುಡ್ಲಡೇ ಉಲ್ಲೆ" ಅಂದ್ರು, ಕಿಟಕಿಯಿಂದ ಹೊಳೆ ನೋಡ್ತಾ. ಇನ್ನೂ ಮಂಗಳೂರಲ್ಲೇ ಇದ್ದೇನೆ ಅಂತ! ಮುಖದಲ್ಲಿ ಎಂತದೂ ಇಲ್ಲ. ಮತ್ತೆ ಹತ್ತು ನಿಮಿಷಕ್ಕೆ ಪಡುಬಿದ್ರೆಯಲ್ಲಿ ಬಾಕ್ಸು ಹೆಗಲಿಗೇರಿಸಿ ಇಳಿದೇ ಬಿಟ್ರು. ಹಾಳೆಯ 40 ಪ್ರಶ್ನೆಗೂ ಅವರ ಬಗ್ಗೆ ನನ್ನಲ್ಲಿ ಉತ್ತರ ಇಲ್ಲ, ಆದ್ರೆ ಉಡುಪಿಯವರೆಗೂ ನನಗೆ ಅದೇ ಯೋಚನೆ. ಆ ಫ್ಯಾನು ಯಾರ ಮನೆಗೆ? ಫೋನಲ್ಲಿ ಇದ್ದದ್ದು ಹೆಂಡತಿಯಾ, ಮಗನಾ, ಸಾಲ ಕೊಟ್ಟವನಾ? ಹೆಂಡತಿ ಆದ್ರೆ ಒಂದು ಕಥೆ, ಸಾಲ ಕೊಟ್ಟವ ಆದ್ರೆ ಬೇರೆಯೇ. ಇಳಿದದ್ದು ಅದೇ ಸ್ಟಾಪು.

ಇಷ್ಟೆಲ್ಲ ಬೈದೆ ಅಲ್ವಾ, ಇನ್ನು ಒಂದು ಒಪ್ಕೊಳ್ತೇನೆ, ನಗಬೇಡಿ. ಅಲ್ಲಿಂದ ಬರುವಾಗ ಆ ಹಾಳೆಯ ಇನ್ನೊಂದು ಪ್ರತಿ ಕಿಸೆಗೆ ಹಾಕಿದ್ದೆ, ಬಸ್ಸು ಹೊರಡುವ ಮೊದಲೇ ನನ್ನ ಕಾದಂಬರಿಯ ದೊಡ್ಡಮ್ಮನ ಹೆಸರಲ್ಲಿ ತುಂಬಿಸಿಯೂ ಆಗಿತ್ತು. 40ಕ್ಕೆ 40! ಎಲ್ಲ ಗೊತ್ತುಂಟು ನನಗೆ, ಯಾಕಂದ್ರೆ ಅದು ನನ್ನ ಸ್ವಂತ ದೊಡ್ಡಮ್ಮನೇ. ಮನೆಯ ಆಸ್ತಿ ಹಿಸೆ ಆಗುವಾಗ ಏನೂ ಕೇಳದೆ ಕಡೆಯುವ ಕಲ್ಲು ಒಂದು ಸಾಕು ಅಂದವರು. ಅವರನ್ನು ಬರೀಲಿಕ್ಕೆ ಕೂತ್ರೆ ಪುಟ ಪುಟವೂ ಒಳ್ಳೆಯವರಾಗಿಯೇ ಇರ್ತಾರೆ, ಒಂದು ಸುಳ್ಳು ಸಹ ಹೇಳುದಿಲ್ಲ, ಯಾರಿಗೂ ಹೊಟ್ಟೆ ಉರಿಸುದಿಲ್ಲ, ನಾನೇ ಬಿಡ್ಲಿಲ್ಲ. ಕಲ್ಲು ಮಾತ್ರ ಸಾಕು ಅಂದಾಗ ಅವರ ಹೊಟ್ಟೆಯಲ್ಲಿ ನಿಜಕ್ಕೂ ಎಂತ ಇತ್ತು ಅಂತ ಕೇಳ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ, ಅಲ್ಲಿಗೇ ಕಾದಂಬರಿ ನಿಂತದ್ದು.

ನಾಳೆ ಬೆಳಿಗ್ಗೆ ದೊಡ್ಡಮ್ಮನ ಬಾಯಲ್ಲಿ ಒಂದು ಸುಳ್ಳು ಹೇಳಿಸ್ಬೇಕು. ಮನೆಯವ್ರು ಓದಿದ್ರೆ ಈ ಸಲದ ಅಷ್ಟಮಿಗೆ ನನಗೆ ಕರೆ ಇಲ್ಲ.

ಮತ್ತೆ ಪಡುಬಿದ್ರೆಯವರು ಇದನ್ನು ಓದ್ತಿದ್ರೆ, ಆ ಫ್ಯಾನಿನ ಬಾಕ್ಸು ಯಾರ ಮನೆಗೆ ಬಂತು ಅಂತ ದಯವಿಟ್ಟು ಕಮೆಂಟಲ್ಲಿ ಹೇಳ್ಬೇಡಿ.