ಸತ್ಯಾಂಶ: ಅರ್ಧಕ್ಕಿಳಿದ ಷೇರು ಅಗ್ಗವೇ?

‘ದೊಡ್ಡ ಟೆಕ್ ಕಂಪನಿಯ ಷೇರು ಅರ್ಧಕ್ಕಿಳಿದರೆ ಕಣ್ಣು ಮುಚ್ಚಿ ಕೊಳ್ಳಿ, ಹಳೆಯ ಬೆಲೆ ಬಂದೇ ಬರುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಇಂಟರ್ನೆಟ್ ಜಾಲದ ಉಪಕರಣಗಳನ್ನು ತಯಾರಿಸುವ ಅಮೆರಿಕದ ಸಿಸ್ಕೊ ಕಂಪನಿಯ ಷೇರನ್ನೇ ನೋಡಿ. 2000ದ ಮಾರ್ಚ್‌ನಲ್ಲಿ ಸುಮಾರು 80 ಡಾಲರ್ ಇದ್ದ ಬೆಲೆ ವರ್ಷಾಂತ್ಯಕ್ಕೆ 40ಕ್ಕಿಂತ ಕೆಳಗಿಳಿದಿತ್ತು. ಆಗ ಅಗ್ಗವೆಂದು ಕೊಂಡವರು 2002ರ ಅಕ್ಟೋಬರ್‌ನಲ್ಲಿ ಅದು 10 ಡಾಲರ್‌ಗೂ ಕೆಳಗೆ ಕುಸಿದಿದ್ದನ್ನು ಕಂಡರು. ಅಲ್ಲಿಂದ ಹಳೆಯ ಶಿಖರ ಮುಟ್ಟಲು ಬೆಲೆ ಎಂಟು ಪಟ್ಟಿಗೂ ಹೆಚ್ಚು ಏರಬೇಕಿತ್ತು. ಕಂಪನಿಯೇನೂ ಮುಳುಗಲಿಲ್ಲ; ಅದರ ವಾರ್ಷಿಕ ವರಮಾನ 20 ವರ್ಷಗಳಲ್ಲಿ ದುಪ್ಪಟ್ಟಿಗಿಂತ ಹೆಚ್ಚಾಯಿತು, ಆದರೂ ಅಷ್ಟು ಕಾಲವೂ ಷೇರು ಆ ಶಿಖರ ಮುಟ್ಟಲಿಲ್ಲ. ಕಾರಣ ಸರಳ: 2000ದಲ್ಲಿ ಜನ ಒಂದು ಷೇರಿಗೆ ಕೊಟ್ಟಿದ್ದು ಆ ಷೇರಿನ ಪಾಲಿನ ವಾರ್ಷಿಕ ಲಾಭದ 100 ಪಟ್ಟಿಗೂ ಮೀರಿದ ಬೆಲೆ. ಆದ್ದರಿಂದ ಕುಸಿದ ಷೇರನ್ನು ಅಳೆಯಬೇಕಾದುದು ಹಳೆಯ ಬೆಲೆಯಿಂದಲ್ಲ, ಇಂದಿನ ಲಾಭ, ಸಾಲ ಮತ್ತು ಕೈಗೆ ಬರುವ ನಗದಿನಿಂದ.