ಅಜ್ಜಿಯ ಕೂಲಿ ಲೆಕ್ಕಕ್ಕೆ ಬರೆದ ಹುಡುಗಿ

ನಮ್ಮ ಗದಗ-ಬೆಟಗೇರಿಯಲ್ಲಿ ಪಿಯುಸಿ ಕಾಮರ್ಸ್ ಓದುವ ಹುಡುಗಿಯೊಬ್ಬಳು ಅಜ್ಜಿ ಮಾಡುವ ಅಗಸಿ ಹಿಂಡಿಯನ್ನು, ಅಂದರೆ ಅಗಸೆ ಬೀಜದ ಚಟ್ನಿಪುಡಿಯನ್ನು, ಪಾಕೀಟು ಮಾಡಿ ಮಾರುತ್ತಾಳೆ. ಧಾರವಾಡದ ಹಾಸ್ಟೆಲ್ ಹುಡುಗರಿಗೆ, ಬೆಂಗಳೂರು ಸೇರಿದ ನಮ್ಮ ಕಡೆಯವರಿಗೆ ಬಸ್ ಪಾರ್ಸಲ್‌ನಲ್ಲಿ ಹೋಗುತ್ತದೆ. ವ್ಯಾಪಾರ ಚಲೋ ಕುದುರಿದೆ. "ಹುಡುಗಿ ಭಾಳ ಶಾಣ್ಯಾಕಿ, ರೀಲ್ಸ್ ಮಾಡಿ ಮ್ಯಾಲೆ ಬಂದ್ಲು" ಅಂತ ಓಣಿಯವರು ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ರೀಲ್ಸ್ ಯಾರು ಬೇಕಾದರೂ ಮಾಡಬಹುದು. ಆಕೆ ಮಾಡಿದ ದೊಡ್ಡ ಕೆಲಸವಿರುವುದು ಒಂದು ನೋಟ್‌ಬುಕ್ಕಿನಲ್ಲಿ.

ಮೊದಲು ಅಳತೆಯ ಮಾತು. ಅಜ್ಜಿಯನ್ನು ಕೇಳಿದರೆ "ಕೈಗೆ ಗೊತ್ತೈತಿ ಬಿಡವಾ" ಅನ್ನುತ್ತಿದ್ದರು. ಹುಡುಗಿ ಕಿರಾಣಿ ಅಂಗಡಿಯ ಕಾಕಾನ ಹತ್ತಿರ ಎಲೆಕ್ಟ್ರಾನಿಕ್ ತಕ್ಕಡಿ ತಂದು ಒಲೆಯ ಪಕ್ಕ ಇಟ್ಟಳು. ಅಜ್ಜಿ ಮುಷ್ಟಿ ತುಂಬ ಅಗಸಿ ತೆಗೆದರೆ "ಅಮ್ಮಾ, ತಡಿ, ಇದರಾಗ ಹಾಕು" ಅಂತ ತಟ್ಟೆ ಒಡ್ಡುತ್ತಿದ್ದಳು. ಅಜ್ಜಿಯನ್ನು ಆಕೆ ಕರೆಯುವುದೇ ಅಮ್ಮ ಅಂತ. ಬಳ್ಳೊಳ್ಳಿ, ಜೀರಗಿ, ಹುಣಸಿಹಣ್ಣು, ಉಪ್ಪು, ಎಲ್ಲವೂ ಹೀಗೇ ತಕ್ಕಡಿ ಹತ್ತಿ ಇಳಿದವು. ಅಜ್ಜಿಗೆ ಸಿಟ್ಟು ಬರುತ್ತಿತ್ತು, ನಡುವೆ ಹುರಿಯುವ ಹದ ತಪ್ಪುತ್ತದೆ ಅಂತ. ಅಗಸಿ ಚಟಪಟ ಸಿಡಿಯುವುದು ನಿಲ್ಲುವ ಮೊದಲೇ ಇಳಿಸಬೇಕು, ಒಂದು ಚೂರು ತಡವಾದರೂ ಕಹಿ. ಅದನ್ನು ಯಾವ ತಕ್ಕಡಿಯೂ ಹೇಳುವುದಿಲ್ಲ, ಆ ಸಪ್ಪಳವನ್ನು ಹುಡುಗಿ ಅಜ್ಜಿಯ ಪಕ್ಕ ಕೂತೇ ಕಲಿತಳು.

ಶುರುವಿನಲ್ಲಿ ಮಾಲು ವಾಪಸ್ಸೂ ಬಂತು. ಅಗಸಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಕುಟ್ಟಿದ ಮೇಲೆ ಗಾಳಿ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಬಳ್ಳೊಳ್ಳಿಯಲ್ಲಿ ಪಸೆ ಉಳಿದಿದ್ದರೆ ಬೂಸ್ಟು. ಮನೆಯಲ್ಲಿ ಎಂಟು ದಿನಕ್ಕೆ ಖಾಲಿಯಾಗುವ ಡಬ್ಬಿಗೆ ಈ ತ್ರಾಸು ಇರಲಿಲ್ಲ. ಈಗ ಆರ್ಡರ್ ಬಂದಷ್ಟೇ ಕುಟ್ಟುತ್ತಾರೆ, ಸಣ್ಣ ಪಾಕೀಟು ಮಾತ್ರ. ಮೆಣಸಿನಕಾಯಿ ಬ್ಯಾಡಗಿಯದೇ. 2011ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಈ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅಗ್ಗದ್ದು ಹಾಕಿದರೆ ಬಾಯಿ ಉರಿಯುತ್ತದೆ ಹೊರತು ಹಿಂಡಿಗೆ ಆ ಕೆಂಪು ಬರುವುದಿಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮಾತು. ನೋಟ್‌ಬುಕ್ಕಿನಲ್ಲಿ ಅಗಸಿ, ಮೆಣಸಿನಕಾಯಿ, ಗ್ಯಾಸು, ಪಾಕೀಟಿನ ಖರ್ಚುಗಳ ಕೆಳಗೆ ಹುಡುಗಿ ಇನ್ನೊಂದು ಸಾಲು ಬರೆದಿದ್ದಾಳೆ: "ಅಮ್ಮನ ಕೂಲಿ". ಹಸನು ಮಾಡಿದ್ದು, ಹುರಿದದ್ದು, ಕುಟ್ಟಿದ್ದು, ಎಲ್ಲಕ್ಕೂ ತಾಸಿನ ಲೆಕ್ಕ. ಅಜ್ಜಿಗೆ ಭಾರೀ ಸಂಕೋಚವಾಯಿತು. "ಮನಿ ಕೆಲಸಕ್ಕ ಕೂಲಿ ಏನವಾ?" ಅಂದರಂತೆ. "ಮಂದಿ ಹೊಲಕ್ಕ ಹ್ವಾದ್ರ ತಗೊಳ್ಳಾಂಗಿಲ್ಲೇನ? ಇದೂ ಕೆಲಸನ" ಅಂದಳಂತೆ ಮೊಮ್ಮಗಳು.

ನಮ್ಮ ಊರುಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾರಿ ಮನೆ ನಡೆಸಿದ್ದಾರೆ! ಹಿಟ್ಟಿಗೆ ಇಷ್ಟಾಯಿತು, ಎಣ್ಣೆಗೆ ಇಷ್ಟಾಯಿತು, ಮೇಲೆ ನಾಲ್ಕು ಕಾಸು ಉಳಿದರೆ ಅದೇ ಲಾಭ ಅಂದುಕೊಂಡರು. ಬೆಳಗಿನ ಜಾವ ಎದ್ದು ಬಡಿದ ರೊಟ್ಟಿಯ ರೇಟಿನಲ್ಲಿ ಅವರ ರಟ್ಟೆಗೆ ಬೆಲೆಯೇ ಇರಲಿಲ್ಲ. ಕೊಳ್ಳುವ ನಾವು ಅದರಲ್ಲೂ ಚೌಕಾಶಿ ಮಾಡಿದೆವು. "ಅಗಸಿ ಕಿಲೋಕ್ಕ ಎಷ್ಟೈತಿ, ನೀ ಮಾರೂದೆಷ್ಟ?" ಅಂತ ಈ ಹುಡುಗಿಗೂ ಕೇಳುವವರಿದ್ದಾರೆ. ಆಕೆ ನೋಟ್‌ಬುಕ್ ತೆರೆದು ತೋರಿಸುತ್ತಾಳೆ. ನೋಡಿದವರು ಸುಮ್ಮನೆ ದುಡ್ಡು ಕೊಡುತ್ತಾರೆ.

ಅಮೆರಿಕದ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಮಿಕೈಲಾ ಉಲ್ಮರ್ ಎಂಬ ಹುಡುಗಿ ಮುತ್ತಜ್ಜಿ ಕಳಿಸಿದ 1940ರ ದಶಕದ ಅಡುಗೆ ಪುಸ್ತಕದಿಂದ ನಿಂಬೆ ಪಾನಕ ಮಾಡಿ ಮಾರಿದಳು. ಅದರಲ್ಲಿ ಇದ್ದದ್ದೂ ಅಗಸಿಯೇ! 2015ರಲ್ಲಿ, ಹೊಸ ವ್ಯಾಪಾರಕ್ಕೆ ಸಾಹುಕಾರರು ಬಂಡವಾಳ ಹಾಕುವ ಶಾರ್ಕ್ ಟ್ಯಾಂಕ್ ಎಂಬ ಟಿವಿ ಕಾರ್ಯಕ್ರಮದಲ್ಲಿ 60,000 ಡಾಲರ್ ಬಂಡವಾಳ ಸಿಕ್ಕಿತು, ಲಾಭದ ಒಂದು ಪಾಲು ಜೇನುಹುಳಗಳ ರಕ್ಷಣೆಗೆ ಹೋಗುತ್ತದೆ. ನಮ್ಮ ಹಿರಿಯರ ರೆಸಿಪಿಗಳು ಯಾವ ಪುಸ್ತಕದಲ್ಲೂ ಇಲ್ಲ, ಅವರ ಕೈಯಲ್ಲಿವೆ. ಆದ್ದರಿಂದಲೇ ಆ ಕೈಗೆ ಕೂಲಿ ಸಲ್ಲಬೇಕು ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಮಕ್ಕಳು ಇಂಥದ್ದಕ್ಕೆ ಕೈ ಹಾಕಿದರೆ ದೊಡ್ಡವರು ಮಾಡಬೇಕಾದದ್ದೂ ಇದೆ. 18 ತುಂಬದವರು ಮಾಡಿಕೊಂಡ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಇವರ ಮನೆಯಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಬ್ಯಾಂಕ್ ಖಾತೆ ಎರಡೂ ತಾಯಿಯ ಹೆಸರಿನಲ್ಲಿವೆ. 14 ಅಂಕಿಯ ಆ ನಂಬರು, ತಯಾರಿಸಿದ ತಾರೀಖು, ತೂಕ ಎಲ್ಲ ಪಾಕೀಟಿನ ಮೇಲಿವೆ. ಹೆಸರು ತಾಯಿಯದಾದರೂ ಯಾರ ಪಾಲು ಎಷ್ಟು ಅನ್ನುವುದನ್ನು ಮೂವರೂ ಕೂತು ಬರೆದುಕೊಂಡಿದ್ದಾರೆ. ಅಂಗಡಿಗಳಿಗೆ ಉದ್ರಿ ಕೊಡುವುದಿಲ್ಲ. "ಸಣ್ಣ ಹುಡುಗಿ, ಆಮ್ಯಾಲೆ ಕೊಟ್ರಾತು" ಅಂತ ದುಡ್ಡು ಬಾಕಿ ಉಳಿಸಿಕೊಂಡ ದೊಡ್ಡ ಮನುಷ್ಯರು ನಮ್ಮಲ್ಲೇ ಇದ್ದಾರೆ. ದಯವಿಟ್ಟು ಕೊಟ್ಟುಬಿಡಿ.

ಪರೀಕ್ಷೆ ಮುಗಿಯುವವರೆಗೆ ಆಕೆ ಆರ್ಡರ್ ಬಂದ್ ಇಟ್ಟಿದ್ದಾಳೆ. "ಗಿರಾಕಿ ಕೈ ಬಿಡ್ತಾರ, ಅಜ್ಜಿ ಅದಾಳಲ್ಲ, ಮಾಡ್ತಾಳ" ಅಂತ ಬುದ್ಧಿ ಹೇಳುವವರು ಹೇಳುತ್ತಿದ್ದಾರೆ. ಅಜ್ಜಿಗೂ ರಜೆ ಬೇಕು ಅಂತ ಹುಡುಗಿಯ ವಾದ. ನಾನು ಹುಡುಗಿಯ ಪರ.